ಪಟ್ಟಿಯಲ್ಲಿಲ್ಲದ ಸ್ಮಾರ್ಟ್ ಸಿಟಿ: ಕಲಬುರಗಿಯ ಕೌಂಟರ್ ಎಲ್ಲಿಗೆ ಹೋಯಿತು?

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಅದರ ನೂರು ನಗರಗಳ ಪಟ್ಟಿಯಲ್ಲಿ ಕಲಬುರಗಿ ಎಂದೂ ಇರಲಿಲ್ಲ. ಆದರೂ ಇಲ್ಲಿ ನಿವೇಶನ ಮಾರಬೇಕಾದರೆ ಇ-ಖಾತೆ, ಅಂದರೆ ಆಸ್ತಿಯ ಗಣಕೀಕೃತ ಖಾತೆ ಬೇಕು. ಗೃಹಜ್ಯೋತಿ ಸಿಗಬೇಕಾದರೆ ವಿದ್ಯುತ್ ಬಿಲ್ಲಿನ ಆರ್‌ಆರ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಬೇಕು, ಪಡಿತರ ಚೀಟಿಗೆ ಇ-ಕೆವೈಸಿ ಮಾಡಿಸಿರಬೇಕು. ಇದರ ನಡುವೆ, ಕಲಬುರಗಿಯನ್ನು ಸ್ಮಾರ್ಟ್ ಸಿಟಿ ಮಾಡಬೇಕೆಂಬ ಮಾತು ಮಿಷನ್ ಮುಗಿದ ಮೇಲೂ ನಿಂತಿಲ್ಲ. ಹಾಗಾದರೆ ನಮ್ಮ ಊರು ಸ್ಮಾರ್ಟ್ ಸಿಟಿ ಆಗಿದೆಯೋ, ಆಗಬೇಕಿದೆಯೋ, ಆಗುವುದೇ ಇಲ್ಲವೋ ಎಂದು ಜನ ಕೇಳಿದರೆ ಅದು ಅವರ ಅಜ್ಞಾನವಲ್ಲ. ಪ್ರಶ್ನೆಯೇ ತೊಡಕಿನದು.

ತೊಡಕು ಬಿಡಿಸಲು ಒಂದು ವ್ಯತ್ಯಾಸ ಗಮನಿಸಬೇಕು. ಸ್ಮಾರ್ಟ್ ಸಿಟಿ ಎಂಬ ಮಾತಿನಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು ಹಣ: ರಸ್ತೆ, ನೆಲದಡಿಯ ಕೇಬಲ್, ನಿಯಂತ್ರಣ ಕೇಂದ್ರ, ಅವನ್ನು ನಡೆಸುವ ಸಿಬ್ಬಂದಿ. ಇನ್ನೊಂದು ವಿಧಾನ: ಕಚೇರಿಯ ಕಿಟಕಿಯಲ್ಲಿ ಆಗುತ್ತಿದ್ದ ಕೆಲಸವನ್ನು ಮೊಬೈಲ್ ಅಥವಾ ಕಂಪ್ಯೂಟರ್ ಪರದೆಗೆ ಸಾಗಿಸುವುದು. ಕಲಬುರಗಿಗೆ ಮೊದಲನೆಯದು ಬರಲಿಲ್ಲ, ಎರಡನೆಯದು ಪೂರ್ತಿ ಬಂತು.

ಪಟ್ಟಿ ಆಗಿದ್ದು ಹೇಗೆ

2015ರ ಜೂನ್ 25ರಂದು ಮಿಷನ್ ಆರಂಭವಾದಾಗ ಪ್ರತಿ ನಗರಕ್ಕೆ ಐದು ವರ್ಷಗಳಲ್ಲಿ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಮೊತ್ತ ರಾಜ್ಯದಿಂದ ಎಂಬ ಲೆಕ್ಕವಿತ್ತು. ಕರ್ನಾಟಕದಿಂದ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಆಯ್ಕೆಯಾದವು. 2017ರಲ್ಲಿ ಬೆಂಗಳೂರು ಸೇರಿತು. ಈ ಏಳರಲ್ಲಿ ಕಲ್ಯಾಣ ಕರ್ನಾಟಕದ ಒಂದು ನಗರವೂ ಇಲ್ಲ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಪಡೆದ ಪ್ರದೇಶ, ನಂಜುಂಡಪ್ಪ ಸಮಿತಿ 2002ರಲ್ಲೇ ಹಿಂದುಳಿದಿದೆ ಎಂದು ಗುರುತಿಸಿದ ಪ್ರದೇಶ ಪೂರ್ತಿಯಾಗಿ ಹೊರಗುಳಿಯಿತು.

ಇದನ್ನು ರಾಜಕೀಯ ಪಕ್ಷಪಾತ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಮೊದಲ ಸುತ್ತಿನ ಅಂಕಗಳನ್ನು ಯಾವುದಕ್ಕೆ ಕೊಟ್ಟರು ಎಂದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಆನ್‌ಲೈನ್ ದೂರು ವ್ಯವಸ್ಥೆ ಇದೆಯೇ, ಇ-ವಾರ್ತಾಪತ್ರ ಹೊರಡಿಸಿದ್ದೀರಾ, ಬಜೆಟ್ ವಿವರ ಜಾಲತಾಣದಲ್ಲಿದೆಯೇ, ಸಿಬ್ಬಂದಿಗೆ ಹಿಂದಿನ ತಿಂಗಳವರೆಗೆ ಸಂಬಳ ಕೊಟ್ಟಿದ್ದೀರಾ, ಸ್ವಂತ ಆದಾಯ ಎಷ್ಟು, ಕೇಂದ್ರದ ಹಿಂದಿನ ನಗರ ನವೀಕರಣ ಯೋಜನೆಯಾದ ನರ್ಮ್‌ನಲ್ಲಿ ಹೇಗೆ ಕೆಲಸ ಮಾಡಿದ್ದೀರಿ. ಮನೆಯಲ್ಲಿ ಬೇಳೆ ಇದ್ದವರಿಗೆ ಮಾತ್ರ ಬೇಳೆ ಹಂಚುವ ಪದ್ಧತಿ ಇದು. ತೆರಿಗೆ ಸಂಗ್ರಹ ದುರ್ಬಲವಾಗಿರುವ, ಅರ್ಧಂಬರ್ಧ ಸಿಬ್ಬಂದಿಯಲ್ಲಿ ದಿನ ತಳ್ಳುವ ಸ್ಥಳೀಯ ಸಂಸ್ಥೆಗೆ ಈ ಪರೀಕ್ಷೆಯಲ್ಲಿ ಅಂಕ ಹುಟ್ಟುವುದು ಕಷ್ಟ.

ಆಯ್ಕೆಯಾಗಿದ್ದರೆ ಕಲಬುರಗಿಯ ತಾರಫೈಲ್ ಬಡಾವಣೆಯ ಓಣಿಗೆ ಏನು ಸಿಗುತ್ತಿತ್ತು ಎಂಬುದೂ ಖಾತ್ರಿಯಿಲ್ಲ. ಮಿಷನ್ನಿನ ಬಹುಪಾಲು ಹಣ ಆಯ್ದ ಒಂದು ಪ್ರದೇಶದ ಅಭಿವೃದ್ಧಿಗೆಂದೇ ಮೀಸಲಾಗಿತ್ತು. ಈಗಾಗಲೇ ಕಟ್ಟಿದ ನಗರಭಾಗವನ್ನು ಸುಧಾರಿಸುವುದಾದರೆ 500 ಎಕರೆ ಗುರುತಿಸಿದರೆ ಸಾಕಿತ್ತು. ಇಂಥ ದ್ವೀಪಗಳು ಕಲಬುರಗಿಗೆ ಹೊಸತಲ್ಲ. ಎರಡು ದಶಕಗಳ ಹಿಂದೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಜೊತೆ ಇಲ್ಲಿಯೂ ಆಯ್ದ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬಂತು, ಪಕ್ಕದ ಬಡಾವಣೆ ಕೊಡ ಹಿಡಿದು ನಿಂತೇ ಇತ್ತು.

ವಿಧಾನ ಮಾತ್ರ ಬಂದಿತು

ರಾಜ್ಯ ಸರ್ಕಾರದ ಡಿಜಿಟಲ್ ವ್ಯವಸ್ಥೆಗಳಿಗೆ ಸ್ಮಾರ್ಟ್ ಸಿಟಿ ಪಟ್ಟಿಯ ಹಂಗಿಲ್ಲ. ಬೆಂಗಳೂರಿಗೆ ಬಂದ ಪೋರ್ಟಲ್ ಕಲಬುರಗಿಗೂ ಬರುತ್ತದೆ. ಆಸ್ತಿ ನೋಂದಣಿಗೆ ಕಾವೇರಿ, ನಗರ ಆಸ್ತಿ ದಾಖಲೆಗೆ ಇ-ಆಸ್ತಿ, ನೂರಾರು ಸೇವೆಗಳಿಗೆ ಸೇವಾ ಸಿಂಧು. ಗೃಹಜ್ಯೋತಿಯ ಉದ್ಘಾಟನೆ 2023ರ ಆಗಸ್ಟ್ 5ರಂದು ನಡೆದದ್ದೇ ಕಲಬುರಗಿಯಲ್ಲಿ. ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಮುಖ್ಯ ಕಚೇರಿ ಇರುವ ಊರು ಇದು. ಆದರೆ ಅರ್ಜಿ ಹಾಕುವ ದಾರಿ ಸೇವಾ ಸಿಂಧು ಪೋರ್ಟಲ್ ಆಗಿತ್ತು. ಆಗ ಎಲ್ಲೆಡೆ ಕೇಳಿಬಂದ ಮಾತು ‘ಸರ್ವರ್ ಬ್ಯುಸಿ’.

ಪೋರ್ಟಲ್ ಎಲ್ಲ ಊರಿಗೂ ಬರುತ್ತದೆ ಎನ್ನುವುದು ಸಮಾನತೆಯಂತೆ ಕಾಣುತ್ತದೆ. ಆದರೆ ಅದನ್ನು ಬಳಸಲು ಬೇಕಾದ ಓದು, ಸಾಧನ, ಬಿಡುವು, ಸರಿಯಾದ ಕಾಗದಪತ್ರ ಇವ್ಯಾವೂ ಪೋರ್ಟಲಿನ ಜೊತೆ ಬರುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಬೀದರ್ ಜಿಲ್ಲೆಯದು 70.51, ಕಲಬುರಗಿಯದು 64.85, ಯಾದಗಿರಿಯದು 51.83. ಯಾದಗಿರಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅಂದು ಶಾಲೆ ಕಾಣದ ಮೂವತ್ತರ ಹೆಂಗಸಿಗೆ ಇಂದು ನಲವತ್ತೈದು ದಾಟಿದೆ. ಪಿಂಚಣಿ, ಪಡಿತರ, ಗೃಹಲಕ್ಷ್ಮಿ ಎಂದು ಸರ್ಕಾರದ ಜೊತೆ ಅತಿ ಹೆಚ್ಚು ವ್ಯವಹಾರ ಇರುವುದು ಇದೇ ತಲೆಮಾರಿಗೆ.

ಒಂದು ಇ-ಖಾತೆಯ ಹಿಂದೆ

ಅತಿ ಹೆಚ್ಚು ಗೊಂದಲ ಹುಟ್ಟಿಸಿದ್ದು ಇ-ಖಾತೆ. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಆಸ್ತಿಗಳ ನೋಂದಣಿಗೆ ಅದು ಕಡ್ಡಾಯವಾಯಿತು. ಉದ್ದೇಶ ಸರಿಯಾಗಿಯೇ ಇದೆ. ಕೈಬರಹದ ಖಾತೆಯಲ್ಲಿ ಒಂದೇ ನಿವೇಶನವನ್ನು ಇಬ್ಬರಿಗೆ ಮಾರಬಹುದಿತ್ತು, ಪುಸ್ತಕದ ಹಾಳೆ ಬದಲಿಸಬಹುದಿತ್ತು. ಗಣಕೀಕೃತ ದಾಖಲೆ ನೋಂದಣಿ ತಂತ್ರಾಂಶದ ಜೊತೆ ನೇರವಾಗಿ ಮಾತನಾಡಿದರೆ ಆ ಕೈಚಳಕಕ್ಕೆ ಜಾಗ ಇರುವುದಿಲ್ಲ.

ಈಗ ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ಸೇಡಂ ರಸ್ತೆಯ ಅನುಮೋದಿತ ಬಡಾವಣೆಯಲ್ಲಿ ಮನೆ ಮಾಡಿರುವ ಬ್ಯಾಂಕ್ ನೌಕರ. ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ವಿದ್ಯುತ್ ಬಿಲ್, ಆಧಾರ್ ಎಲ್ಲವೂ ಒಂದೇ ಹೆಸರಿನಲ್ಲಿ, ಒಂದೇ ಕಾಗುಣಿತದಲ್ಲಿ ಇವೆ. ಅವರು ಭಾನುವಾರ ಮಧ್ಯಾಹ್ನ ಊಟದ ನಂತರ ಲ್ಯಾಪ್‌ಟಾಪ್ ತೆರೆದು ಕೆಲಸ ಮುಗಿಸಬಲ್ಲರು. ಇನ್ನೊಬ್ಬ ರಿಂಗ್ ರಸ್ತೆಯಾಚೆಯ ರೆವಿನ್ಯೂ ನಿವೇಶನದಲ್ಲಿ, ಅಂದರೆ ಅನುಮೋದನೆಯಿಲ್ಲದೆ ತುಂಡು ಮಾಡಿದ ಕೃಷಿ ಜಮೀನಿನಲ್ಲಿ, ಎರಡು ಕೋಣೆ ಕಟ್ಟಿಕೊಂಡ ಗೌಂಡಿ. ಅವನ ಬಳಿ ಇರುವುದು ಬಾಂಡ್ ಕಾಗದದ ಮೇಲಿನ ಒಪ್ಪಂದ. ಮೂಲ ಮಾಲೀಕ ತೀರಿಕೊಂಡಿದ್ದಾನೆ, ಮಕ್ಕಳು ಹೈದರಾಬಾದಿನಲ್ಲಿದ್ದಾರೆ. ವಿದ್ಯುತ್ ಮೀಟರ್ ಹಳೆಯ ಹೆಸರಿನಲ್ಲಿದೆ. ಇವನಿಗೆ ಪರದೆಯ ಮೇಲೆ ತುಂಬಲು ಏನೂ ಇಲ್ಲ. ಅಂದರೆ ಇಲ್ಲಿ ಅಡ್ಡ ಬಂದಿರುವುದು ಮೊಬೈಲ್ ಇಲ್ಲದಿರುವುದಲ್ಲ. ಕಾಗದದ ಕಾಲದ ಅಸಮಾನತೆಯನ್ನೇ ತಂತ್ರಾಂಶ ಹಾಗೆಯೇ ಎತ್ತಿಕೊಂಡು, ಅದಕ್ಕೆ ಬೀಗ ಹಾಕಿದೆ. ಕೌಂಟರಿನಲ್ಲಿ ಇದ್ದಿದ್ದರೆ ಅನುಭವಿ ಗುಮಾಸ್ತನೊಬ್ಬ ‘ಇದಕ್ಕೆ ಪ್ರಮಾಣಪತ್ರ ಮಾಡಿಸಿಕೊಂಡು ಬಾ’ ಎಂದು ದಾರಿ ತೋರಬಹುದಿತ್ತು. ದಾರಿ ತೋರಲು ದುಡ್ಡೂ ಕೇಳಬಹುದಿತ್ತು, ಅದನ್ನು ಮರೆಯಬಾರದು. ಪರದೆ ದುಡ್ಡು ಕೇಳುವುದಿಲ್ಲ, ದಾರಿಯನ್ನೂ ತೋರುವುದಿಲ್ಲ. ಕೆಂಪು ಅಕ್ಷರದಲ್ಲಿ ‘ಮಾಹಿತಿ ಮಾನ್ಯವಾಗಿಲ್ಲ’ ಎನ್ನುತ್ತದೆ.

ಸರ್ಕಾರಕ್ಕೆ ಈ ಸಮಸ್ಯೆ ಗೊತ್ತಿಲ್ಲ ಎಂದಲ್ಲ. ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ 2025ರಲ್ಲಿ ಆರಂಭವಾದದ್ದು ಇದಕ್ಕೇ. ಆದರೆ ಬಿ-ಖಾತೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬಲ್ಲಿ ಇನ್ನೊಂದು ಗೊಂದಲ. ಅದು ಆಸ್ತಿಯನ್ನು ತೆರಿಗೆಯ ಲೆಕ್ಕಕ್ಕೆ ತರುತ್ತದೆ, ಗುರುತಿನ ಸಂಖ್ಯೆ ಕೊಡುತ್ತದೆ. ಬಡಾವಣೆಯನ್ನು ಅಷ್ಟಕ್ಕೇ ಸಕ್ರಮ ಮಾಡುವುದಿಲ್ಲ. ನೋಂದಾಯಿತ ಪತ್ರವೇ ಇಲ್ಲದ ಬಾಂಡ್ ಖರೀದಿದಾರನಿಗೆ ಇದರಿಂದಲೂ ಪೂರ್ತಿ ಪರಿಹಾರವಿಲ್ಲ.

ಹೆಸರಿನ ಕಾಗುಣಿತ

ಈ ಭಾಗಕ್ಕೆ ವಿಶೇಷವಾದ ಇನ್ನೊಂದು ತೊಡಕಿದೆ. ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಂದಾಯ ದಾಖಲೆಗಳು ಉರ್ದುವಿನಲ್ಲಿ, ನಂತರದವು ಕನ್ನಡದಲ್ಲಿ, ಆಧಾರ್ ಇಂಗ್ಲಿಷ್ ಮತ್ತು ಕನ್ನಡದಲ್ಲಿ. ಜನ ಮಾತನಾಡುವುದು ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ. ಒಬ್ಬನೇ ಮನುಷ್ಯನ ಹೆಸರು ಪ್ರತಿ ದಾಟಿನಲ್ಲೂ ಸ್ವಲ್ಪ ಸವೆಯುತ್ತದೆ.

ಶರಣಬಸಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಊರಿನ ಆರಾಧ್ಯ ಶರಣಬಸವೇಶ್ವರರಿಂದಾಗಿ ಮನೆಮನೆಗೂ ಇರುವ ಹೆಸರು. ಒಂದು ಕಾಗದದಲ್ಲಿ ಶರಣಬಸಪ್ಪ, ಇನ್ನೊಂದರಲ್ಲಿ ಶರಣಬಸವಪ್ಪ, ಮತ್ತೊಂದರಲ್ಲಿ ಶರ್ಣಬಸಪ್ಪ. ಶೇಖ್ ಎಂಬುದು ಶೇಕ್, ಷೇಖ, ಶೈಕ್ ಆಗಿ ಕೂರುತ್ತದೆ. ಒಂದು ಕಡೆ ತಂದೆಯ ಹೆಸರು ಮುಂದೆ, ಇನ್ನೊಂದು ಕಡೆ ಅಡ್ಡಹೆಸರು ಹಿಂದೆ. ಮದುವೆಯಾದ ಮೇಲೆ ಹೆಣ್ಣುಮಗಳ ಹೆಸರೇ ಬದಲಾಗುವ ಮನೆಗಳಲ್ಲಿ ಶಾಲೆಯ ದಾಖಲೆ ಒಂದು, ಪಡಿತರ ಚೀಟಿ ಇನ್ನೊಂದು. ಕಣ್ಣಿನಿಂದ ಓದುವ ಮನುಷ್ಯನಿಗೆ ಇವೆಲ್ಲ ಒಂದೇ ವ್ಯಕ್ತಿ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಇವರು ಮೂವರು.

ಕಾರಣ-ಪರಿಣಾಮದ ಸರಪಳಿ ಇಲ್ಲಿಂದ ಬೆಳೆಯುತ್ತದೆ. ಹೆಸರು ಹೊಂದದಿದ್ದರೆ ಜೋಡಣೆ ಆಗುವುದಿಲ್ಲ. ಜೋಡಣೆಗಾಗಿ ಆಧಾರ್ ತಿದ್ದಿಸಬೇಕು. ಆಧಾರ್ ತಿದ್ದಿಸಲು ಸರಿಯಾದ ಹೆಸರಿರುವ ಇನ್ನೊಂದು ದಾಖಲೆ ತೋರಿಸಬೇಕು. ಆಧಾರ್ ತಿದ್ದಿದ ಕೂಡಲೇ ಅದುವರೆಗೆ ಸರಿಯಾಗಿ ಹೊಂದುತ್ತಿದ್ದ ಬ್ಯಾಂಕ್ ಖಾತೆ ಹೊಂದದಂತಾಗಬಹುದು. ಹೀಗೆ ಒಂದು ಗುಂಡಿ ಮುಚ್ಚಲು ತೆಗೆದ ಮಣ್ಣಿನಿಂದ ಇನ್ನೊಂದು ಗುಂಡಿ ಬೀಳುತ್ತದೆ. ತಪ್ಪು ಬರೆದವನು ಎಂದೋ ಡೇಟಾ ಎಂಟ್ರಿ ಮಾಡಿದ ಗುತ್ತಿಗೆ ನೌಕರ, ತಿದ್ದಿಸಲು ಕೂಲಿ ಬಿಟ್ಟು ಓಡಾಡುವವನು ಅರ್ಜಿದಾರ.

ಗುಮಾಸ್ತನ ಕೆಲಸ ಯಾರ ಪಾಲಿಗೆ

ಡಿಜಿಟಲ್ ಅಸಮಾನತೆ ಎಂದ ಕೂಡಲೇ ಸ್ಮಾರ್ಟ್‌ಫೋನ್ ಇದ್ದವರು, ಇಲ್ಲದವರು ಎಂಬ ಗೆರೆ ಎಳೆಯುವುದು ರೂಢಿ. ಕಲಬುರಗಿಯಂಥ ನಗರದಲ್ಲಿ ಆ ಗೆರೆ ಈಗ ಮಸುಕಾಗಿದೆ. ಸೂಪರ್ ಮಾರ್ಕೆಟ್ ಎಂಬ ಪೇಟೆ ಪ್ರದೇಶದ ತರಕಾರಿ ಗಾಡಿಯ ಮೇಲೂ ಕ್ಯೂಆರ್ ಹಲಗೆ ತೂಗುತ್ತದೆ. ನಿಜವಾದ ಗೆರೆ ಬೇರೆ ಕಡೆ ಇದೆ ಎಂಬುದು ಈ ಲೇಖನದ ವಾದ.

ಅರ್ಜಿ ಬರೆದುಕೊಳ್ಳುವುದು, ದಾಖಲೆ ಪರಿಶೀಲಿಸುವುದು, ವಿವರ ನಮೂದಿಸುವುದು, ಪ್ರತಿ ತೆಗೆದಿಡುವುದು ಮೊದಲು ಕಚೇರಿಯ ಕೆಲಸವಾಗಿತ್ತು. ಅದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ಆನ್‌ಲೈನ್ ಆದ ಮೇಲೆ ಆ ದುಡಿಮೆ ಮಾಯವಾಗಲಿಲ್ಲ, ನಾಗರಿಕನ ಹೆಗಲಿಗೆ ಜಾರಿತು. ಓದು ಬಲ್ಲವನು ಅದನ್ನು ತಾನೇ ಮಾಡಿಕೊಳ್ಳುತ್ತಾನೆ. ಉಳಿದವರು ಅದನ್ನು ಕೊಂಡುಕೊಳ್ಳುತ್ತಾರೆ. ಎಲ್ಲಿ? ತಹಶೀಲ್ದಾರ್ ಕಚೇರಿ, ಮಿನಿ ವಿಧಾನಸೌಧದ ಸುತ್ತಮುತ್ತ ಸಾಲುಗಟ್ಟಿರುವ ಜೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್‌ಗಳಲ್ಲಿ. ಸರ್ಕಾರದ ಶುಲ್ಕ ಶೂನ್ಯವಿರುವ ಸೇವೆಗೂ ಅಲ್ಲಿ ದುಡ್ಡು ಕೊಡಬೇಕು. ಸ್ಕ್ಯಾನ್‌ಗೆ ಬೇರೆ, ಪ್ರಿಂಟ್‌ಗೆ ಬೇರೆ. ಅರ್ಜಿ ತಿರಸ್ಕೃತವಾದರೆ ಮತ್ತೆ ಮೊದಲಿನಿಂದ. ಅಂಗಡಿಯವನನ್ನು ದೂರುವಂತಿಲ್ಲ, ಸರ್ಕಾರ ಕೈಬಿಟ್ಟ ಕೌಂಟರನ್ನು ಅವನು ನಡೆಸುತ್ತಿದ್ದಾನೆ. ಎಷ್ಟೋ ಸಲ ತಿಳಿಹೇಳುವ ತಾಳ್ಮೆಯೂ ಅವನಿಗೇ ಹೆಚ್ಚು. ಆದರೆ ಫಲಿತಾಂಶ ಏನಾಯಿತೆಂದು ನೋಡಿ: ಒಂದೇ ಸೇವೆಗೆ ಸ್ಥಿತಿವಂತ ಕೊಡುವ ಬೆಲೆ ಸೊನ್ನೆ, ಬಡವ ಕೊಡುವ ಬೆಲೆ ಅಂಗಡಿಯ ದರ ಮತ್ತು ಒಂದು ದಿನದ ಕೂಲಿ.

ಇನ್ನೊಂದು ನಷ್ಟ ರಸೀದಿಯಲ್ಲಿ ಕಾಣುವುದಿಲ್ಲ. ಅರ್ಜಿದಾರನಿಗೆ ಇಮೇಲ್ ಇಲ್ಲದಿದ್ದರೆ ಅಂಗಡಿಯದೇ ಇಮೇಲ್ ಹಾಕಲಾಗುತ್ತದೆ. ಕೆಲವೊಮ್ಮೆ ಮೊಬೈಲ್ ಸಂಖ್ಯೆಯೂ ಅಂಗಡಿಯದೇ. ಪಾಸ್‌ವರ್ಡ್ ಅಂಗಡಿಯ ವಹಿಯಲ್ಲಿ, ಆಧಾರ್ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿ. ಮುಂದೆ ಪಾಲಿಕೆಯಿಂದ ಬರುವ ಆಕ್ಷೇಪಣೆಯ ಸಂದೇಶವೂ ಅಂಗಡಿಗೇ ಹೋಗುತ್ತದೆ, ಅವಧಿ ಮುಗಿಯುವ ಹೊತ್ತಿಗೆ ಅರ್ಜಿದಾರನಿಗೆ ಗೊತ್ತೇ ಆಗಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯ ಬಗ್ಗೆ ಬಹಳ ಮಾತನಾಡುತ್ತದೆ. ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುವ ಮುದುಕಿಯ ಸಮ್ಮತಿ ಯಾವ ಬಗೆಯದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕಬೇಕು.

ಮನೆಯಲ್ಲಿ ಫೋನ್ ಇದೆ, ಊರಲ್ಲಿಲ್ಲ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಸುತ್ತಿನ ಪ್ರಕಾರ ದೇಶದ ನಗರ ಕುಟುಂಬಗಳಲ್ಲಿ ಇಂಟರ್ನೆಟ್ ಇದ್ದದ್ದು ಶೇ 42ರಷ್ಟಕ್ಕೆ. ಆ ಬಳಿಕ ಅಗ್ಗದ ಡೇಟಾದಿಂದ ಚಿತ್ರ ಬದಲಾಗಿದೆ. ಆದರೆ ‘ಕುಟುಂಬಕ್ಕೆ ಇದೆ’ ಎಂಬುದು ‘ಪ್ರತಿಯೊಬ್ಬರಿಗೂ ಇದೆ’ ಎಂದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಂದಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ನಗರದ ಪುರುಷರು ಶೇ 72.5, ಮಹಿಳೆಯರು ಶೇ 51.8. ಆ ಅಂಕಿಯೂ 15ರಿಂದ 49 ವರ್ಷದವರದು. ವೃದ್ಧಾಪ್ಯ ವೇತನದ ವಯಸ್ಸಿನವರನ್ನು ಆ ಪ್ರಶ್ನೆಯೇ ಮುಟ್ಟಿಲ್ಲ.

ಕಲಬುರಗಿ, ಯಾದಗಿರಿಯಲ್ಲಿ ಇದಕ್ಕೆ ಗುಳೆಯ ಆಯಾಮ ಸೇರುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವ ಗಂಡಸು ಮನೆಯ ಒಂದೇ ಫೋನನ್ನು ಜೊತೆಗೆ ಒಯ್ಯುತ್ತಾನೆ. ಆಧಾರ್‌ಗೆ ಜೋಡಣೆಯಾದ ಸಂಖ್ಯೆ ಅದೇ. ಕಲಬುರಗಿಯ ಅಂಗಡಿಯಲ್ಲಿ ಹೆಂಡತಿ ಕುಳಿತಿದ್ದಾಳೆ, ಒಟಿಪಿ ಮುಂಬೈಯ ಕಟ್ಟಡದ ಹತ್ತನೇ ಮಹಡಿಗೆ ಹೋಗಿ ಬೀಳುತ್ತದೆ. ಅವನು ಕೈತೊಳೆದು ಫೋನ್ ತೆಗೆದು ಸಂದೇಶ ಓದುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ಬೆರಳಚ್ಚಿನ ಕಥೆಯೂ ಹೀಗೆಯೇ. ಶಹಾಬಾದ್ ಕಲ್ಲಿನ ಗಣಿಯಲ್ಲಿ, ಸಿಮೆಂಟ್ ಕೆಲಸದಲ್ಲಿ, ತೊಗರಿ ಬೇಳೆಯ ಮಿಲ್ಲುಗಳಲ್ಲಿ ವರ್ಷಗಟ್ಟಲೆ ದುಡಿದ ಕೈಯ ಗೆರೆಗಳು ಸವೆದಿರುತ್ತವೆ. ಯಂತ್ರ ಗುರುತಿಸುವುದಿಲ್ಲ. ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬುದು 2018ರ ಆಧಾರ್ ತೀರ್ಪಿನಲ್ಲೇ ಬಂದಿರುವ ಮಾತು. ತೀರ್ಪು ದೆಹಲಿಯಲ್ಲಿ ಇದೆ, ‘ನಾಳೆ ಬನ್ನಿ’ ಎಂಬ ಮಾತು ಓಣಿಯ ಅಂಗಡಿಯಲ್ಲಿ.

ವಿಚಿತ್ರವೆಂದರೆ ಡಿಜಿಟಲ್ ಸಾಕ್ಷರತೆಗೆ ಕೇಂದ್ರ 2017ರಲ್ಲಿ ತಂದ ಬೃಹತ್ ಕಾರ್ಯಕ್ರಮ, ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ (ಪಿಎಂಜಿದಿಶಾ), ಹೆಸರೇ ಹೇಳುವಂತೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಇತ್ತು. ಆರು ಕೋಟಿ ಗ್ರಾಮೀಣ ಕುಟುಂಬಗಳು ಅದರ ಗುರಿಯಾಗಿದ್ದವು. ರಾಜ್ಯದ ಗ್ರಾಮ ಒನ್ ಕೇಂದ್ರಗಳೂ ಪಂಚಾಯಿತಿಗಳಿಗೆ. ನಗರದವರು ಹೇಗೂ ಬಲ್ಲರು ಎಂಬ ಊಹೆಯ ಮೇಲೆ ಇದು ನಿಂತಿದೆ. ಚಿತ್ತಾಪುರದ ಹಳ್ಳಿಯಿಂದ ಬಂದು ನಗರದ ಕೊಳೆಗೇರಿಯಲ್ಲಿ ಮನೆ ಮಾಡಿದ ಕುಟುಂಬ, ಬಸ್ ಇಳಿದ ದಿನವೇ ತರಬೇತಿ ಬೇಡದ ‘ನಗರವಾಸಿ’ ಆಗಿಬಿಡುತ್ತದೆ. ನಗರಗಳಿಗೆ ಕರ್ನಾಟಕ ಒನ್ ಕೇಂದ್ರಗಳಿವೆ, ನಿಜ. ಐದು ಲಕ್ಷಕ್ಕೂ ಹೆಚ್ಚು ಜನರ, 55 ವಾರ್ಡುಗಳ ಊರಿನಲ್ಲಿ ಅವು ಎಲ್ಲರಿಗೂ ನಡೆದು ಹೋಗುವ ದೂರದಲ್ಲಿಲ್ಲ.

ಪರವಾದ ಮಾತೂ ಗಟ್ಟಿಯಾಗಿದೆ

ಹಾಗೆಂದು ಹಳೆಯ ಕೌಂಟರ್ ಚಿನ್ನದ ಕಾಲವಾಗಿತ್ತು ಎಂದು ಯಾರೂ ಹೇಳಲಾರರು. ಒಂದು ಖಾತೆ ಬದಲಾವಣೆಗೆ ಹತ್ತು ಸಲ ಅಲೆದು, ಹನ್ನೊಂದನೆಯ ಸಲ ಲಕೋಟೆ ಕೊಟ್ಟವರು ಈ ಊರಿನಲ್ಲಿ ಕಡಿಮೆಯಿಲ್ಲ. ಆಡಳಿತದ ವಾದ ಇಲ್ಲಿಂದಲೇ ಹೊರಡುತ್ತದೆ: ಮುಖ ನೋಡಿ ಮಣೆ ಹಾಕುವ ಅಧಿಕಾರಿಗಿಂತ ಮುಖವೇ ನೋಡದ ಯಂತ್ರ ಮೇಲು. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯನ್ನು ಅವರು ಸಾಕ್ಷಿಯಾಗಿ ಮುಂದಿಡುತ್ತಾರೆ. 15 ರೂಪಾಯಿಗೆ ಪಹಣಿ ಕೈಗೆ ಬಂದಾಗ ಗ್ರಾಮಲೆಕ್ಕಿಗನ ಏಕಸ್ವಾಮ್ಯ ಮುರಿದದ್ದು ಸುಳ್ಳಲ್ಲ. ಹೆಣ್ಣುಮಕ್ಕಳ ಖಾತೆಗೆ ನೇರವಾಗಿ ಬೀಳುವ ಎರಡು ಸಾವಿರ ರೂಪಾಯಿಯನ್ನು ನಡುವೆ ಯಾರೂ ಕತ್ತರಿಸಲಾರರು ಎಂಬುದೂ ಸಣ್ಣ ಸಾಧನೆಯಲ್ಲ.

ವಿರೋಧಿಸುವವರು ಇದೇ ಉದಾಹರಣೆಯನ್ನು ತಿರುಗಿಸಿ ಹಿಡಿಯುತ್ತಾರೆ. ಲೆಕ್ಕಿಗನ ಕೈಯಿಂದ ಜಾರಿದ ಹಿಡಿತ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿನ ದಲ್ಲಾಳಿಗೆ ಹೋಯಿತು, ದಾಖಲೆ ಸುಲಭವಾಗಿ ಸಿಕ್ಕದ್ದು ದೊಡ್ಡ ಭೂ ವ್ಯವಹಾರಸ್ಥರಿಗೆ ಎನ್ನುತ್ತಾರೆ. ಮಧ್ಯವರ್ತಿ ಹೋಗಲಿಲ್ಲ, ಕುರ್ಚಿ ಬದಲಿಸಿದ ಎಂಬುದು ಅವರ ವಾದದ ತಿರುಳು.

ಎರಡೂ ಮಾತು ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯಿಲ್ಲ. ಡಿಜಿಟಲ್ ವ್ಯವಸ್ಥೆ ಒಮ್ಮೆ ಒಳಗೆ ಹೋದವರಿಗೆ ಲಂಚ ಕಡಿಮೆ ಮಾಡುತ್ತದೆ, ಒಳಗೆ ಹೋಗುವ ಬಾಗಿಲನ್ನು ಕಿರಿದು ಮಾಡುತ್ತದೆ. ಸಕಾಲ ಕಾಯ್ದೆಯ ಉದಾಹರಣೆ ಇದನ್ನು ಚೆನ್ನಾಗಿ ತೋರುತ್ತದೆ. 2011ರ ಆ ಕಾಯ್ದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಅರ್ಜಿದಾರನಿಗೆ ಸಲ್ಲಬೇಕು. ಗಡಿಯಾರ ಓಡಲಾರಂಭಿಸುವುದು ಅರ್ಜಿ ಸ್ವೀಕೃತವಾಗಿ ಸಂಖ್ಯೆ ಬಂದಾಗ. ಪೋರ್ಟಲ್ ತೆರೆಯದಿದ್ದರೆ, ಕಡತದ ಗಾತ್ರ ಹೆಚ್ಚಾಯಿತೆಂದು ತಿರಸ್ಕರಿಸಿದರೆ, ಹೆಸರು ಹೊಂದದಿದ್ದರೆ ಸಂಖ್ಯೆಯೇ ಹುಟ್ಟುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ಮನುಷ್ಯ ಅರ್ಜಿಯನ್ನೇ ಹಾಕಿಲ್ಲ. ಅಂಕಿ-ಅಂಶದಲ್ಲಿ ಬಾಕಿ ಅರ್ಜಿಗಳು ಕಡಿಮೆ ಎಂದು ಕಂಡರೆ ಅದಕ್ಕೆ ಎರಡು ಅರ್ಥವಿರಬಹುದು.

ಮುಂದೆ ಏನಾಗಬಹುದು

ಬೀದರಿನ ಮೇಲೆ ಕಣ್ಣಿಡಬೇಕು. ಬೀದರ್ ಮತ್ತು ರಾಯಚೂರನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನವನ್ನು 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲೇ ನಡೆದ ಸಚಿವ ಸಂಪುಟ ಸಭೆ ತೆಗೆದುಕೊಂಡಿತು. ನಗರ ಹಿಗ್ಗಿದಂತೆ ಸುತ್ತಲಿನ ಹಳ್ಳಿಗಳು ಅದರೊಳಗೆ ಬರುತ್ತವೆ. ಹಾಗೆ ಬಂದ ಹಳ್ಳಿಯ ಆಸ್ತಿ ದಾಖಲೆ ಪಂಚಾಯಿತಿಗಳ ಇ-ಸ್ವತ್ತಿನಿಂದ ನಗರಗಳ ಇ-ಆಸ್ತಿಗೆ ಸಾಗಬೇಕು. ಜೊತೆಗೆ, ಮುಖ ಪರಿಚಯವಿದ್ದ ಪಂಚಾಯಿತಿ ಕಚೇರಿ ಇಲ್ಲವಾಗುತ್ತದೆ. ವಾರ್ಡ್ ಮಟ್ಟದಲ್ಲಿ ಬದಲಿ ಕೌಂಟರ್ ತೆರೆಯದಿದ್ದರೆ ಆ ಜನರಿಗೆ ಪಾಲಿಕೆ ಎಂದರೆ ಹೆಚ್ಚಿನ ತೆರಿಗೆ ಮತ್ತು ಒಂದು ಪೋರ್ಟಲ್ ವಿಳಾಸ.

ಮೀಟರುಗಳೂ ಬದಲಾಗುತ್ತಿವೆ. ಹೊಸ ವಿದ್ಯುತ್ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಕ್ರಮ 2025ರ ಫೆಬ್ರುವರಿಯಲ್ಲಿ ಬೆಂಗಳೂರು ಭಾಗದ ವಿದ್ಯುತ್ ಕಂಪನಿ ಬೆಸ್ಕಾಂ ವ್ಯಾಪ್ತಿಯಲ್ಲಿ ಶುರುವಾಯಿತು. ಮುಂಗಡ ಪಾವತಿಯ ಪದ್ಧತಿ ಎಲ್ಲೆಡೆ ಬಂದರೆ ದಿನಗೂಲಿಯವರಿಗೆ ಐವತ್ತೋ ನೂರೋ ತುಂಬಿಸಿಕೊಳ್ಳುವ ಅನುಕೂಲ ಉಂಟು. ತುಂಬಿಸಿದ ಹಣ ಮುಗಿದ ಕ್ಷಣ, ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ, ಯಾರ ಮುಖವನ್ನೂ ನೋಡದೆ ಫ್ಯಾನ್ ನಿಲ್ಲುವ ಅಪಾಯವೂ ಉಂಟು. ಲೈನ್‌ಮನ್‌ಗೆ ‘ಶನಿವಾರ ಬಟವಾಡೆ ಇದೆ, ಕಟ್ಟುತ್ತೇವೆ’ ಎಂದು ಹೇಳಿ ಎರಡು ದಿನ ಪಡೆಯುತ್ತಿದ್ದ ರಿಯಾಯಿತಿ ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ. ಹಾಗಾಗಿ ತಂತ್ರಾಂಶದಲ್ಲೂ ಇರುವುದಿಲ್ಲ.

ಖರ್ಚಿಲ್ಲದ ಕೆಲವು ದಾರಿಗಳು

ಈ ಸಮಸ್ಯೆಗೆ ಸಾವಿರ ಕೋಟಿಯ ಯೋಜನೆ ಬೇಕಿಲ್ಲ. ಪಾಲಿಕೆಯ ವಲಯ ಕಚೇರಿಗಳಲ್ಲಿ ಸಹಾಯದ ಕೌಂಟರ್ ತೆರೆದು, ಅಲ್ಲಿ ಕಾಗದದ ಅರ್ಜಿಯನ್ನೂ ಸ್ವೀಕರಿಸಿ, ಸಿಬ್ಬಂದಿಯೇ ಪೋರ್ಟಲಿಗೆ ಏರಿಸಬಹುದು. ವಿಫಲವಾದ ಪ್ರಯತ್ನಕ್ಕೂ ಒಂದು ಸಂಖ್ಯೆ ಕೊಟ್ಟು ಸಕಾಲದ ಗಡಿಯಾರವನ್ನು ಅಲ್ಲಿಂದಲೇ ಎಣಿಸಬಹುದು. ಕಾಗುಣಿತದ ಅಲ್ಪ ವ್ಯತ್ಯಾಸವನ್ನು ಒಬ್ಬ ಅಧಿಕಾರಿ ನೋಡಿ ಒಪ್ಪುವ ಅಧಿಕಾರ ಕೊಡಬಹುದು. ಇದರಿಂದ ಮತ್ತೆ ಲಂಚಕ್ಕೆ ದಾರಿಯಾಗುತ್ತದೆ ಎಂಬ ಆಕ್ಷೇಪಣೆ ಬರುತ್ತದೆ. ಒಪ್ಪಿದವರ ಹೆಸರು, ದಿನಾಂಕ ತಂತ್ರಾಂಶದಲ್ಲೇ ದಾಖಲಾದರೆ ಆ ಭಯ ಕಡಿಮೆ. ಗಣಕೀಕರಣದ ನಿಜವಾದ ಉಪಯೋಗ ಅಲ್ಲಿದೆ ಎಂದು ನನಗನ್ನಿಸುತ್ತದೆ: ನಾಗರಿಕನ ಮೇಲೆ ಕಣ್ಣಿಡುವಷ್ಟೇ ಅಧಿಕಾರಿಯ ಮೇಲೂ ಇಡುವುದು.

ನ್ಯಾಯಾಲಯಗಳು ಈ ದಿಕ್ಕಿನಲ್ಲಿ ಎರಡು ಸಲ ಮಾತನಾಡಿವೆ. 2021ರ ಮೇ 31ರಂದು ಸುಪ್ರೀಂ ಕೋರ್ಟ್, ಕೋವಿನ್ ಪೋರ್ಟಲಿನಲ್ಲಿ ನೋಂದಾಯಿಸಿದವರಿಗಷ್ಟೇ ಲಸಿಕೆ ಎಂಬ ನೀತಿಯನ್ನು ಪ್ರಶ್ನಿಸಿತು. ಅದಕ್ಕೆ ಕೆಲವೇ ದಿನ ಮೊದಲು ಸರ್ಕಾರಿ ಕೇಂದ್ರಗಳಲ್ಲಿ ಶುರುವಾಗಿದ್ದ ಸ್ಥಳದಲ್ಲೇ ನೋಂದಣಿ, ಜೂನ್‌ನಲ್ಲಿ ಎಲ್ಲ ಕಡೆಗೂ ವಿಸ್ತರಿಸಿತು. ದೇಶದ ಮೊದಲ ಕೋವಿಡ್ ಸಾವನ್ನು ಕಂಡ ಕಲಬುರಗಿಗೆ ಆ ಬದಲಾವಣೆಯ ಬೆಲೆ ಗೊತ್ತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ದೃಷ್ಟಿಹೀನರು ಮತ್ತು ಆ್ಯಸಿಡ್ ದಾಳಿಗೆ ಒಳಗಾದವರ ಇ-ಕೆವೈಸಿ ತೊಡಕಿನ ಪ್ರಕರಣದಲ್ಲಿ, ಡಿಜಿಟಲ್ ಪ್ರವೇಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಇ-ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದವರಿಗೆ ಬೇರೆ ದಾರಿ ಕೊಡಿ ಎಂಬ ಆ ತರ್ಕ, ಬೆರಳಿನ ಗೆರೆ ಸವೆದವರಿಗೂ ಅನ್ವಯಿಸಬೇಕೆಂದು ವಾದಿಸಲು ಈಗ ಆಧಾರವಿದೆ.

ನಮ್ಮ ಊರಿನಲ್ಲಿ ಎಷ್ಟು ಮನೆಗಳಿಗೆ ಇಂಟರ್ನೆಟ್ ಇದೆ ಎಂಬ ಹೊಸ ಲೆಕ್ಕ ಮುಂದಿನ ಜನಗಣತಿಯಿಂದ ಸಿಗಲಿದೆ. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವಿನ ಮನೆಪಟ್ಟಿ ಹಂತದ ಪ್ರಶ್ನೆಗಳಲ್ಲಿ ಇಂಟರ್ನೆಟ್, ಕಂಪ್ಯೂಟರ್, ಮೊಬೈಲ್ ಮೂರೂ ಸೇರಿವೆ. ಈ ಗಣತಿ ಡಿಜಿಟಲ್, ಬೇಕಾದವರು ಆನ್‌ಲೈನಿನಲ್ಲಿ ತಾವೇ ವಿವರ ತುಂಬಬಹುದು. ತುಂಬಲಾಗದ ಮನೆಯ ಬಾಗಿಲಿಗೆ ಗಣತಿದಾರರು ಫೋನ್ ಹಿಡಿದು ಬರುತ್ತಾರೆ, ಕೇಳುತ್ತಾರೆ, ತಾವೇ ಬರೆದುಕೊಳ್ಳುತ್ತಾರೆ. ಅದಕ್ಕೆ ಮನೆಯವರು ಯಾವ ಅಂಗಡಿಗೂ ದುಡ್ಡು ಕೊಡಬೇಕಿಲ್ಲ.